ಬದುಕಿರುವ ಅಪ್ಪನಿಗೆ

ಅಪ್ಪನವರಿಗೆ,

ಹಣ ಕೇಳಲು ಬರೆಯುತ್ತಿಲ್ಲ, ಹೆದರಬೇಡಿ. ನನಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಸಾಲ ತೆಗೆದರೆ ಬಡ್ಡಿ ಸಮೇತ ತೀರಿಸಬೇಕು, ವಿದ್ಯಾರ್ಥಿವೇತನವಾದರೆ ಹಿಂದಿರುಗಿಸಬೇಕಿಲ್ಲ. ಆದರೆ ನೀವು ನಮ್ಮನ್ನು ಬಿಟ್ಟುಹೋಗಿದ್ದರೂ ವಿದ್ಯಾರ್ಥಿವೇತನದ ಲೆಕ್ಕಕ್ಕೆ ನಿಮ್ಮ ಆದಾಯವನ್ನೂ ಸೇರಿಸುತ್ತಾರಂತೆ, ಸೇರಿಸಿದರೆ ನನಗೆ ಸಿಗುವುದಿಲ್ಲ. ನಮಗೆ ಏನೂ ಕೊಡುತ್ತಿಲ್ಲವೆಂದು ನೀವೇ ಬರೆದು ಸಹಿ ಹಾಕಿದರೆ ಮಾತ್ರ ಅದನ್ನು ಲೆಕ್ಕದಿಂದ ಕೈಬಿಡುತ್ತಾರೆ.

ನಿನ್ನೆ ಸೋದರಮಾವ, "ಸತ್ತುಹೋದ ಅಂತ ಬರೆದುಬಿಡು, ಯಾರು ಕೇಳ್ತಾರೆ" ಎಂದರು. ಗಿರಾಕಿಗಳ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ. "ಸಾಲನೇ ತಗೊಳ್ಳೋಣ. ಬದುಕಿರೋರನ್ನ ನಾನು ಸಾಯಿಸಲ್ಲ" ಎಂದಳು.

ಶುಕ್ರವಾರ ಕೊನೆಯ ದಿನ. ಎರಡು ಸಾಲು ಬರೆದರೆ ಸಾಕು. ವಿಳಾಸ ಕೆಳಗಿದೆ, ನೇರವಾಗಿ ಕಾಲೇಜಿಗೇ ಕಳಿಸಿ, ಮನೆಗೆ ಬೇಡ. ನಿಮ್ಮ ಅಕ್ಷರ ಕಂಡರೆ ಅಮ್ಮ ಬಿಡಿಸಿ ನೋಡುತ್ತಾಳೆ. ನೀವು ವಾಪಸು ಬರುವ ಸುದ್ದಿಯೆಂದುಕೊಳ್ಳುತ್ತಾಳೆ.

ಇಂತಿ,
ನಿಮ್ಮ ದೊಡ್ಡವಳು