ಕೂಸಿನ ನಾಲಿಗಿ ಬಿಡಿಸಿದ ದಿನ

ಅವ್ವಾ,

ನೀ ಹೋಗಿ ವರ್ಷಾತು, ಇದನ್ನ ಓದಂಗಿಲ್ಲ. ಆದ್ರೂ ಬರಿಯಾಕತ್ತೇನಿ. ಕೂಸು ಮಕ್ಕೊಂಡೈತಿ, ನನಗ ಕುಂದ್ರಾಕ ಆಗವಲ್ತು, ನಿಂದ್ರಾಕ ಆಗವಲ್ತು.

ಇವತ್ತ ಮುಂಜಾನೆ ಬಿಟಿಎಂನಿಂದ ಆಟೋ ಮಾಡ್ಕೊಂಡು ಜಯನಗರದ ದವಾಖಾನಿಗೆ ಹೋಗಿದ್ವಿ. ಕೂಸು ಎದಿ ಹಿಡದ ಕೂಡಲೇ ಬಿಟ್ಟು ಅಳತಿತ್ತು, ತೂಕ ಏರತಿರಲಿಲ್ಲ. ಹಾಲು ಕಡಿಮಿ ಅಂತ ನಮ್ಮತ್ತಿ ದಿನಾ ಸಬ್ಬಸಗಿ ಪಲ್ಯ, ಬಳ್ಳೊಳ್ಳಿ ತಿನಿಸಿದ್ದೇ ತಿನಿಸಿದ್ದು. ಡಾಕ್ಟರ್ ಮೇಡಂ ಕೂಸಿನ ಬಾಯಾಗ ಬೆರಳಿಟ್ಟು ನಾಲಿಗಿ ಎತ್ತಿ ನೋಡಿದ್ರು. ಕೆಳಗಿನ ತೊಗಲು ನಾಲಿಗಿನ ಬಿಗಿಯಾಗಿ ಹಿಡದಿತ್ತಂತ. ಲೇಸರ್‌ನಿಂದ ಬಿಡಿಸಿದ್ರು. ಕೂಸು ಚಿಟ್ಟನೆ ಚೀರಿತು. ಅಲ್ಲೇ ಎದಿಗೆ ಹಚ್ಚಿದ್ರ ಗಟಗಟ ಕುಡೀತು. ಆ ಸಪ್ಪಳ ಕೇಳಿ ನಿನ್ನ ಅಳ್ಯಾ ಗ್ವಾಡಿ ಕಡೆ ಮುಖ ಮಾಡಿ ನಿಂತ್ರು.

"ಎಲ್ಲಿ, ನಿಮ್ಮ ನಾಲಿಗೆ ಎತ್ತಿ ಮೇಡಂ," ಅಂದ್ರು ಡಾಕ್ಟರ್. ಎತ್ತಿದೆ. "ನಿಮಗೂ ಇದೆ. ಕೆಲವು ಮನೆತನದಲ್ಲಿ ಹಂಗೇ ಬರತ್ತೆ. ಚಿಕ್ಕೋರಿದ್ದಾಗ ಹಾಲು ಕುಡಿಯೋಕೆ ಕಷ್ಟ ಆಗಿತ್ತಂತಾ?"

ನನಗ ನಾ ಸಣ್ಣಾಕಿದ್ದಾಗಿನ ಮಾತು ನೆನಪಾತು.

"ಇಕಿ ಎದಿ ಬರಡು, ನನ್ನ ಮೊಮ್ಮಗಳನ್ನ ಉಳಿಸಿದ್ದು ಆಡಿನ ಹಾಲು," ಅಂತ ನಿಮ್ಮತ್ತಿ ಬಂದವರ ಮುಂದೆಲ್ಲಾ ಹೇಳತಿದ್ರು. ನೀ ತಲಿ ತಗ್ಗಿಸಿ ರೊಟ್ಟಿ ಬಡೀತಿದ್ದಿ. ನಾನೂ ಆಡಿನ ಹಾಲಿನ ಮಗಳು ಅಂತ ನಗತಿದ್ದೆ.

ಕೂಸು ಎದ್ದೈತಿ. ಅದರ ದನಿ ಕೇಳಿದ್ದಕ್ಕೇ ನನ್ನ ಕುಪ್ಪಸ ತೊಯ್ದೈತಿ.

ಅವ್ವಾ, ಆವಾಗ ನಿನ್ನ ಕುಪ್ಪಸಾನೂ ಹಿಂಗ ತೊಯ್ತಿತ್ತೇನು?