ಅಟ್ಟದ ಮಸಿ

ಶೆಟ್ಟಿಹಳ್ಳಿ, ತುಮಕೂರು
೧೮-೦೮-೨೦೨೪

ಪ್ರೀತಿಯ ನಂದಿತಕ್ಕನಿಗೆ ನಿನ್ನ ಸೋಮುವಿನ ನಮಸ್ಕಾರ.

ನಿನ್ನ ನೆಗಡಿ, ಕೆಮ್ಮು ಇಳಿಯಿತೇ? ಅದು ನನಗೆ ಅಂಟಬಾರದೆಂದು ನೀನು ಕುಣಿಗಲ್ಲಿನಲ್ಲೇ ಉಳಿದದ್ದು ಒಳ್ಳೆಯದಾಯಿತು. ನಾನು ಆಸ್ಪತ್ರೆಯಿಂದ ಮನೆಗೆ ಬಂದು ವಾರವಾಯಿತು. ಮಧುಶ್ರೀ ನನ್ನನ್ನು ಹಸುಗೂಸಿನ ಹಾಗೆ ನೋಡಿಕೊಳ್ಳುತ್ತಿದ್ದಾಳೆ. ಗಂಡನೆಂಬ ಮರ್ಯಾದೆಯಂತೂ ಉಳಿದಿಲ್ಲ. ಮೂಗಿನ ಆಪರೇಷನ್ ಆದಮೇಲೆ ಫೋನಿನಲ್ಲಿ ನನ್ನ ಮಾತು ಯಾರಿಗೂ ತಿಳಿಯುವುದಿಲ್ಲ, ಅದಕ್ಕೇ ಈ ಕಾಗದ.

ಅಮ್ಮನನ್ನು ನೋಡಲು ಗುಬ್ಬಿಗೆ ಹೋದವನು ಸುಮ್ಮನಿರಲಾರದೆ ಕೊಬ್ಬರಿ ಅಟ್ಟ ಹತ್ತಿದೆ. ಆಮೇಲೆ ಮೂಗಿನಿಂದ ಕಪ್ಪಗೆ ಬಂತು. ಅಮ್ಮ ಸೆರಗಿನಿಂದ ಒರೆಸಿ, "ಅಟ್ಟದ ಮಸಿ ಕಣೋ, ಸೀನ್ಬುಡು" ಅಂದಳು. ನಮ್ಮನೆಯಲ್ಲಿ ಅಟ್ಟ ಇಳಿದವರ ಮೂಗೆಲ್ಲ ಹಾಗೇ ತಾನೆ, ನಾನೂ ನಂಬಿದೆ. ಕೆನ್ನೆ ಊದಿ ಕಣ್ಣು ಮುಚ್ಚಿಕೊಂಡಾಗ ಮಧುಶ್ರೀ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅದು ಫಂಗಸ್ಸಂತೆ, ನಮ್ಮ ಬೂಷ್ಟೇ. ಮೂಗಿನೊಳಗಿನ ಮಾಂಸವನ್ನೇ ಕಪ್ಪಾಗಿಸಿತ್ತು.

ಡಾಕ್ಟರು ಹೇಳಿದ್ದು ಕೇಳಿ ದಂಗಾಗಿ ಹೋದೆ ಅಕ್ಕ. ಈ ಬೂಷ್ಟಿನ ಕಣ ಎಲ್ಲ ಕಡೆಯ ಗಾಳಿಯಲ್ಲೂ ಇರುತ್ತದಂತೆ, ಅಟ್ಟದಲ್ಲೇ ಹತ್ತಿತೆಂದು ಹೇಳಲಾಗದಂತೆ. ನೀನು, ಅಮ್ಮ, ಅಂತರಸನಹಳ್ಳಿಯ ನನ್ನ ಫ್ಯಾಕ್ಟರಿಯವರು, ಎಲ್ಲರೂ ದಿನವೂ ಅದನ್ನು ಉಸಿರಾಡುತ್ತೀರಿ. ಮೈಯೊಳಗಿನ ಕಾವಲು ಸದ್ದಿಲ್ಲದೆ ಅದನ್ನು ಮುಗಿಸಿಬಿಡುತ್ತದೆ. ನೀನು ಕೊಟ್ಟ ಕಿಡ್ನಿಯನ್ನು ನನ್ನ ಮೈ ತಳ್ಳದಿರಲೆಂದು ಮಾತ್ರೆ ನುಂಗಿ ಆ ಕಾವಲನ್ನು ನಾವೇ ಮಲಗಿಸಿದ್ದೆವು. ಬರೀ ಉಸಿರಾಡಿಕೊಂಡಿರುವುದು ಇಷ್ಟು ದೊಡ್ಡ ಸಂಗತಿಯೆಂದು ನನಗೆ ಗೊತ್ತೇ ಇರಲಿಲ್ಲ.

ಕೆಟ್ಟದ್ದನ್ನೆಲ್ಲ ಕೆರೆದು ತೆಗೆದರು. ಮಾತ್ರೆ ಕಡಿಮೆ ಮಾಡದಿದ್ದರೆ ಜೀವ ಹೋಗುತ್ತದೆ, ಮಾಡಿದರೆ ಕಿಡ್ನಿ ಹೋಗಬಹುದು ಎಂದರು. ಅಕ್ಕನನ್ನು ಕೇಳದೆ ಒಪ್ಪುವುದಿಲ್ಲವೆಂದು ನಾನು ಹಟ ಹಿಡಿದೆ. ಮಧುಶ್ರೀ, "ಅಕ್ಕ ಕೊಟ್ಟಿದ್ದು ನೀವು ಬದುಕ್ಲಿ ಅಂತ ಕಣ್ರೀ" ಅಂದು ರುಜು ಹಾಕಿಬಿಟ್ಟಳು. ಈಗ ಊತ ಇಳಿದು ಕಣ್ಣು ತೆರೆದಿದೆ. ಬಿಸಿಲಿನಲ್ಲಿ ಧೂಳು ತೇಲುವುದನ್ನು ನೋಡುತ್ತಾ ಕೂರುತ್ತೇನೆ, ಎಷ್ಟು ನೋಡಿದರೂ ಸಾಲದು.

ಭಾವನಿಗೆ ನನ್ನ ನಮಸ್ಕಾರ ಹೇಳು, ಮಕ್ಕಳಿಗೆ ಮುದ್ದು.

ನಿನ್ನ ತಮ್ಮ,
ಸೋಮಶೇಖರ್

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನೀನು ಕೊಟ್ಟ ಕಿಡ್ನಿ ಶುಕ್ರವಾರ ಪೂರ್ತಿ ನಿಂತುಹೋಯಿತು. ಡಯಾಲಿಸಿಸ್ ಶುರುವಾಗಿದೆ. ನಾನು ಉಳಿದೆ ಅಕ್ಕ, ನಿನ್ನದು ಹೋಯಿತು. ಬೈಯುವುದಿದ್ದರೆ ಎದುರಿಗೇ ಬಂದು ಬೈ.