ಗಂಗಾ ಹಾಕಿಕೊಟ್ಟ ಕವಳ

ಕೆಳಗಿನಕೇರಿ, ತಾ. ಸಿದ್ದಾಪುರ
೯ ಆಗಸ್ಟ್ ೨೦೦೫

ಚಿ. ಕು. ರೋಹಿಣಿಗೆ ನಿನ್ನ ಮಾದೇವ ಮಾವನ ಆಶೀರ್ವಾದಗಳು.

ಏಳನೇ ಇಯತ್ತೆಯಲ್ಲಿ ಇಡೀ ಜಿಲ್ಲೆಗೆ ಮೊದಲು ಬಂದವನು ನಾನು. ನನ್ನ ಅಕ್ಷರ ನೋಡಲೆಂದೇ ಕಲೆಕ್ಟರು ಒಮ್ಮೆ ನಮ್ಮೂರಿಗೆ ಜೀಪು ತಿರುಗಿಸಿದ್ದರು. ಅಂಥವನ ಪತ್ರ ಎರಡು ವಾರ ತಡವಾಯಿತೆಂದರೆ ಕಾರಣ ದೊಡ್ಡದೇ ಇರಬೇಕು ಅಂತ ತಿಳಿದು ಕ್ಷಮಿಸು. ನಿನ್ನ ಅಮ್ಮ ವೆಂಕಮ್ಮ ಇದನ್ನು ಓದಿದರೆ ನಾನು ಆರನೆಯದರಲ್ಲೇ ಎರಡು ಸಲ ಕೂತವನು ಅನ್ನುತ್ತಾಳೆ. ತಂಗಿಯರ ಮಾತು ಲೆಕ್ಕಕ್ಕಿಲ್ಲ.

ನಿನ್ನ ಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಗಂಗಾಳಿಗೆ ಎಚ್‌ಐವಿ ಇರುವ ಸುದ್ದಿ ಊರಿಗೆ ಹೇಗೆ ಗೊತ್ತಾಯಿತು ಅಂತ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿಯುವ ನೀನು ಅವಳನ್ನು ಆಸ್ಪತ್ರೆಯ ಸಾಲಿನಲ್ಲಿ ಕಂಡದ್ದು, ಅವಳು ನಿನ್ನ ಕೈ ಹಿಡಿದು ಅತ್ತದ್ದು, ಊರಿನಲ್ಲಿ ಒಬ್ಬರಿಗಾದರೂ ಗೊತ್ತಿರಲಿ ಅಂತ ಅವಳೇ ಒಪ್ಪಿ ನನಗೆ ಹೇಳಿಸಿದ್ದು, ಎಲ್ಲ ನೆನಪಿದೆ. ಮಾತ್ರೆ ತರಲು ತಿಂಗಳಿಗೊಮ್ಮೆ ಅವಳನ್ನು ಬಸ್ಸಿಗೆ ಹತ್ತಿಸುವವನೂ ನಾನೇ. ಬಸ್ಸಿನಲ್ಲಿ ಯಾರೋ ಫೈಲು ನೋಡಿರಬೇಕು ಅನ್ನುತ್ತಾಳೆ. ಇರಬಹುದು. ಅದಿರಲಿ, ಶುಕ್ರವಾರ ನಡೆದದ್ದು ಕೇಳು.

ಯಲ್ಲಾಪುರದಲ್ಲಿ ಲಾರಿ ಓಡಿಸುತ್ತಿದ್ದ ಗಂಡ ಅದೇ ಕಾಯಿಲೆಯಲ್ಲಿ ಹೋದಮೇಲೆ ಶಾಲೆಯ ಬಿಸಿಯೂಟದ ಒಲೆಯೇ ಅವಳ ಹೊಟ್ಟೆಗೆ ದಾರಿ. ಇಪ್ಪತ್ತನಾಲ್ಕು ವರ್ಷದ ಹುಡುಗಿ. ಸುದ್ದಿ ಹಬ್ಬಿದ ಮೇಲೆ ಅರ್ಧ ಊರು ಮಕ್ಕಳಿಗೆ ಮನೆಯಿಂದ ಡಬ್ಬಿ ಕಟ್ಟಿತು. ಶುಕ್ರವಾರ ಮಕ್ಕಳ ಊಟದ ಹೊತ್ತಿಗೇ ಶಾಲಾ ಸಮಿತಿಯ ಅಧ್ಯಕ್ಷ ಚನ್ನಯ್ಯ ಶಾಲೆಯ ಜಗಲಿಯಲ್ಲಿ ಸಭೆ ಕರೆದ. ಅವಳನ್ನು ತೆಗೆಯುವ ಠರಾವು ಮೊದಲೇ ಬರೆದು ತಂದಿದ್ದ. ಆ ಸಮಿತಿಯಲ್ಲಿ ನಾನೂ ಇದ್ದೇನೆ.

ನಮ್ಮಲ್ಲಿ ಸಭೆ ಅಂದರೆ ಮೊದಲು ಕವಳದ ಹರಿವಾಣ ಸುತ್ತಬೇಕಲ್ಲ. ಎಲ್ಲರೂ ಎಲೆ ಅಡಿಕೆ ತೆಗೆದುಕೊಂಡರು. ಅಡುಗೆ ಕೋಣೆಯ ಬಾಗಿಲಲ್ಲಿ ನಿಂತ ಗಂಗಾಳ ಹತ್ತಿರ ಬಂದಾಗ ಹರಿವಾಣ ಬೇರೆ ಕಡೆ ತಿರುಗಿತು. ಅವಳು ಚಾಚಿದ ಕೈಯನ್ನು ಹಿಂದೆ ಎಳೆದು ಸೆರಗಿಗೆ ಒರೆಸಿಕೊಂಡಳು. ಒರೆಸಲು ಕೈಯಲ್ಲಿ ಏನೂ ಇರಲಿಲ್ಲ.

ಸಿದ್ದಾಪುರದ ಆಸ್ಪತ್ರೆಯಿಂದ ಬಂದ ಸಿಸ್ಟರ್ ಬಿಡಿಸಿ ಹೇಳಿದರು. ಇದು ಬರುವುದು ರಕ್ತದಿಂದ, ಸೂಜಿಯಿಂದ, ಗಂಡು ಹೆಣ್ಣಿನ ಸಂಬಂಧದಿಂದ, ತಾಯಿಯಿಂದ ಕೂಸಿಗೆ. ಅನ್ನ ಬಡಿಸಿದರೆ, ಒಟ್ಟಿಗೆ ಕೂತರೆ ಬರುವುದಿಲ್ಲ ಅಂತ. ಮೂರನೆಯದು ಹೇಳುವಾಗ ಗಂಡಸರೆಲ್ಲ ಮಾಡಿನ ಹಂಚು ಎಣಿಸುತ್ತಿದ್ದರು. ತರಕಾರಿ ಹೆಚ್ಚುವಾಗ ಅವಳ ಕೈ ಕೊಯ್ದರೆ ಅಂತ ಚನ್ನಯ್ಯ ಕೇಳಿದ. ಕುದಿಯುವ ಸಾರಿನಲ್ಲಿ ಅದು ಬದುಕುವುದಿಲ್ಲ ಅಂದರು ಸಿಸ್ಟರ್. "ಅದೆಲ್ಲ ಪುಸ್ತಕದ ಮಾತು ಅಕ್ಕೋರೆ," ಅಂದ ಚನ್ನಯ್ಯ.

ಆಗ ಅವನ ಮಗಳು ದೇವಕಿ, ಏಳನೆಯ ತರಗತಿಯವಳು, ತಾಟು ಹಿಡಿದು ಎದ್ದು ನಿಂತಳು.

"ಅಪ್ಪಾ, ಒಟ್ಟಿಗೆ ಊಟ ಮಾಡಿದ್ರೆ ಬರೂದಿಲ್ಲ ಅಂತ ನಾನು ಪರೀಕ್ಷೆಲಿ ಬರ್ದಿದ್ದೆ. ನಾಲ್ಕಕ್ಕೆ ನಾಲ್ಕು ಕೊಟ್ರು. ಬತ್ತದೆ ಅಂತಾದ್ರೆ ಮಾಸ್ತರು ನನ್ನ ಮಾರ್ಕು ಕಳಿಬೇಕು."

"ಸುಮ್ನೆ ಕೂತ್ಕಾ," ಅಂದ ಚನ್ನಯ್ಯ.

ಅವಳು ಕೂತಳು, ಊಟದ ಸಾಲಿನಲ್ಲಿ. ಪಕ್ಕದಲ್ಲಿ ಒಬ್ಬರೂ ಕೂರಲಿಲ್ಲ. ಗಂಗಾ ಸೌಟು ಹಿಡಿದವಳು ಬಡಿಸಲು ಧೈರ್ಯವಿಲ್ಲದೆ ಚನ್ನಯ್ಯನ ಮುಖ ನೋಡುತ್ತಿದ್ದಳು. ಮಾಸ್ತರು ನೆಲ ನೋಡುತ್ತಿದ್ದರು. ನನಗೆ ಕೂತಿರಲು ಆಗಲಿಲ್ಲ. ಎದ್ದು ಗಂಗಾಳ ಹತ್ತಿರ ಹೋಗಿ, ನಿನ್ನ ಎಲೆಯಡಿಕೆ ಸಂಚಿಯಿಂದ ನನಗೊಂದು ಕವಳ ಹಾಕಿಕೊಡು, ಸುಣ್ಣ ನೀನೇ ಸವರು ಅಂದೆ. ಅವಳು ಬೆರಳಲ್ಲಿ ಸುಣ್ಣ ಸವರಿ, ಎಲೆ ಮಡಚಿ, ನನಗೆ ತಾಗಬಾರದೆಂದು ಕಟ್ಟೆಯ ಮೇಲೆ ಇಟ್ಟಳು.

"ಕೈಗೇ ಕೊಡೆ," ಅಂದೆ.

ಕೊಟ್ಟಳು. ಅಷ್ಟೂ ಜನರ ಎದುರು ಜಗಿದೆ. ಸುಣ್ಣ ಹೆಚ್ಚಾಗಿತ್ತು, ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಸಭೆಗೆ ಬಂದಿದ್ದ ಮುದುಕ ಬೈರಜ್ಜ ಅದನ್ನು ನೋಡಿ, ರೋಗಕ್ಕಿಂತ ಮೊದಲು ಸುಣ್ಣವೇ ಇವನನ್ನು ತಿನ್ನುತ್ತದೆ ಅಂದ. ಯಾರೋ ನಕ್ಕರು. ದೇವಕಿಯ ಪಕ್ಕದಲ್ಲಿ ಒಂದೊಂದೇ ತಾಟು ಬಂತು. ಎಲ್ಲ ಮಕ್ಕಳದ್ದಲ್ಲ, ಏಳೆಂಟು.

ಚನ್ನಯ್ಯ ಠರಾವು ಹರಿಯಲಿಲ್ಲ, ಮಡಚಿ ಜೇಬಿಗೆ ಹಾಕಿದ. ಬರುವ ಶನಿವಾರ ಕೈ ಎತ್ತಿಸುತ್ತಾನಂತೆ. ಯಾವ ಕಡೆ ಎಷ್ಟು ಕೈ ಏಳುತ್ತವೋ ಹೇಳಲಾರೆ. ಸಾಧ್ಯವಾದರೆ ರಜೆ ಹಾಕಿ ಬಾ. ನಿನ್ನ ಮಾತಿಗೆ ಇಲ್ಲಿಯ ಹುಡುಗರು ಕಿವಿ ಕೊಡುತ್ತಾರೆ.

ಹೊರಡುವಾಗ ಗಂಗಾ ಗೇಟಿನವರೆಗೆ ಬಂದಳು. "ಮಾದೇವಣ್ಣ, ನನ್ನ ವಿಷಯ ಗೊತ್ತಿದ್ದವ್ರು ನೀವೊಬ್ರೇ. ನನ್ನ ಕಡೆ ಎದ್ದವ್ರೂ ನೀವೊಬ್ರೇ," ಅಂದಳು. ನನ್ನ ಬಾಯಲ್ಲಿ ಕವಳ ಇತ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಯಿಂದ ಸೂಜಿ ಚುಚ್ಚಿಸಿಕೊಂಡವರಿಗೆ ನೋವಾಗದಿರಲಿ, ನಿನಗೆ ದೇವರು ನೂರು ವರ್ಷ ಕೊಡಲಿ.

ಇಂತಿ ನಿನ್ನ ಮಾವ,
ಮಾದೇವ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಬಸ್ಸಿನಲ್ಲಿ ಯಾರೂ ಫೈಲು ನೋಡಿಲ್ಲ. ಹೋದ ತಿಂಗಳು ಚನ್ನಯ್ಯನ ಜಗಲಿಯಲ್ಲಿ ಇಸ್ಪೀಟಿಗೆ ಕೂತಿದ್ದೆವು. ನಾನು ಸೋಲುತ್ತಲೇ ಹೋದೆ. ಮಾದೇವನಿಗೆ ಆಟವೂ ಗೊತ್ತಿಲ್ಲ, ಊರ ಸುದ್ದಿಯೂ ಗೊತ್ತಿಲ್ಲ ಅಂತ ಅವನು ಅಂದ, ಎಲ್ಲರೂ ನಕ್ಕರು. ನನಗೆ ಗೊತ್ತಿರುವುದು ನಿಮಗ್ಯಾರಿಗೂ ಗೊತ್ತಿಲ್ಲ ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಹೆಸರು ಹೇಳಿದೆ. ನಗು ನಿಂತು ಎಲ್ಲರೂ ನನ್ನ ಮುಖ ನೋಡಿದರು, ಆ ಗಳಿಗೆ ನನಗೆ ಹಿತವಾಯಿತು. ಶನಿವಾರದೊಳಗೆ ಗಂಗಾಳಿಗೆ ಇದನ್ನು ನಾನೇ ಹೇಳುತ್ತೇನೆ, ನೀನು ಹೇಳಬೇಡ. ಎರಡು ಸಾವಿರ ಸೋತು ಅವತ್ತು ತಲೆ ಕೆಟ್ಟಿತ್ತು ಅಂತ ನಿನ್ನ ಅಮ್ಮನ ಹತ್ತಿರ ಅಂದಿದ್ದೆ. ಅದೂ ಸುಳ್ಳು. ಸೋತದ್ದು ಅರವತ್ತೈದು ರೂಪಾಯಿ.